ಸಾಕು ಅನ್ನುವುದನ್ನು ಪುಸ್ತಕದಲ್ಲಿ ಬರೆದಿಡುವುದು ಹೇಗೆ

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕೊಯ್ದ ಹಣ್ಣಿನ ತೂಕ, ವಾರಕ್ಕೊಮ್ಮೆ ಬಟವಾಡೆ. ನಡುವೆ ಗೊಬ್ಬರದ ಸ್ಟಾಕು, ಡೀಸೆಲ್ ಲೆಕ್ಕ, ಮಳೆ ಲೆಕ್ಕ. ದುಡಿದ ಕಾಲವೆಲ್ಲ ಬೇರೆಯವರ ಆಸ್ತಿ ಎಣಿಸುವುದರಲ್ಲೇ ಹೋಯಿತು. ಈಗ ನಿವೃತ್ತಿ. ಮಾದಾಪುರದ ಕಡೆ ಎರಡೂವರೆ ಎಕರೆ ರೋಬಸ್ಟಾ ಕಾಫಿ ಇದೆ, ಮರಗಳಿಗೆ ಹಬ್ಬಿಸಿದ ಕರಿಮೆಣಸು ಇದೆ, ಒಂದು ಹಸು ಇದೆ. ಊರಿನವರು ಈಗಲೂ 'ರೈಟ್ರೇ' ಅಂತಲೇ ಕರೆಯುತ್ತಾರೆ.

ತೃಪ್ತಿ ಬಗ್ಗೆ ಹೇಳುವವರೆಲ್ಲ ಮನಸ್ಸಿನಿಂದ ಶುರು ಮಾಡುತ್ತಾರೆ. ನನಗೆ ಬರುವುದು ಲೆಕ್ಕ ಒಂದೇ, ಹಾಗಾಗಿ ಅಲ್ಲಿಂದ ಶುರು ಮಾಡುತ್ತೇನೆ. ಮನಸ್ಸಿಗೆ 'ಸಾಕು ಸುಮ್ನಿರು' ಅಂದರೆ ಅದು ಕೇಳುವುದಿಲ್ಲ. ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದರೆ ಸ್ವಲ್ಪ ಕೇಳುತ್ತದೆ. ಆ ಗೆರೆಯನ್ನೂ ಆಸೆ ಹುಟ್ಟುವ ಮೊದಲೇ ಎಳೆದಿರಬೇಕು.

ಮೊದಲು ಸಾಲ ತೀರಲಿ

ಮನೆಯಲ್ಲಿ ಅಕ್ಕಿ ಇಲ್ಲದವರಿಗೆ, ಮಗುವಿನ ಫೀಸಿಗೆ ಪರದಾಡುವವರಿಗೆ, ತೋಟದ ಆಳುಗಳ ಸೋರುವ ಲೈನ್ ಮನೆಯಲ್ಲಿ ಮಳೆಗಾಲ ಕಳೆಯುವವರಿಗೆ ಈ ಬರಹ ಅಲ್ಲ. ಅವರಿಗೆ ಬೇಕಾದದ್ದು ಸರಿಯಾದ ಕೂಲಿ ಮತ್ತು ಹೊಸ ಹೆಂಚು. ಕೂಲಿ ಜಾಸ್ತಿ ಮಾಡಿ ಎಂದು ಕೇಳಿದವರಿಗೆ 'ಇದ್ದದ್ದರಲ್ಲಿ ಸುಖವಾಗಿರಬೇಕು' ಎಂದು ಬುದ್ಧಿ ಹೇಳಿದ ಧಣಿಗಳನ್ನು ನಾನು ನೋಡಿದ್ದೇನೆ. ಹೇಳುವಾಗ ಅವರ ಜೀಪು ಹೊರಗೆ ಸ್ಟಾರ್ಟ್ ಆಗಿಯೇ ನಿಂತಿರುತ್ತಿತ್ತು.

ಕೈಸಾಲ ಇದ್ದರೆ ಅದನ್ನು ತೀರಿಸುವುದೇ ಮೊದಲ ಕೆಲಸ. ಬಡ್ಡಿ ಓಡುತ್ತಿರುವವನಿಗೆ ಹುಣ್ಣಿಮೆ ನೋಡಿ ಖುಷಿಪಡು ಅಂದರೆ ಆಗುವ ಮಾತಲ್ಲ. ಸೋರದ ಮಾಡು, ಕೆಲವು ತಿಂಗಳ ಮನೆಖರ್ಚು, ಆಸ್ಪತ್ರೆಗೆ ಒಂದು ವಿಮೆ, ಇಷ್ಟು ಬೇಕೇ ಬೇಕು. ಇಷ್ಟೆಲ್ಲ ಇದ್ದೂ ರಾತ್ರಿ ಎಚ್ಚರವಾದಾಗ ಪಕ್ಕದ ಮನೆಯ ಹೊಸ ಟೈಲ್ಸ್ ಕಣ್ಣಮುಂದೆ ಬರುತ್ತಿದ್ದರೆ ಮುಂದೆ ಓದಿ.

ರೇಟು ಏರಿದ ವರ್ಷ ನಾನು ನೋಡಿದ್ದು

2024ರಲ್ಲಿ 50 ಕೆಜಿ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಮೂಟೆಯ ಬೆಲೆ 10,000 ರೂಪಾಯಿ ದಾಟಿತು. ಅದಕ್ಕೆ ಕೆಲವೇ ವರ್ಷ ಮೊದಲು ಮೂರೂವರೆ ಸಾವಿರದ ಆಸುಪಾಸಿನಲ್ಲಿ ತೆವಳುತ್ತಿದ್ದ ಬೆಲೆ ಅದು. ಎಲ್ಲೋ ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟು ಬೆಳೆ ಕಡಿಮೆಯಾಯಿತು, ಇಲ್ಲಿ ನಮ್ಮ ಕಣದಲ್ಲಿ ಒಣಗುತ್ತಿದ್ದ ಕಾಫಿಗೆ ಯೋಗ ಬಂತು. ಊರಲ್ಲಿ ಹೊಸ ಕಾರು ಬಂದವು. ಒಂದಂತಸ್ತಿನ ಮನೆಗಳು ಎರಡಂತಸ್ತಾದವು. ಅದೆಲ್ಲ ಒಳ್ಳೆಯದೇ.

ಆದರೆ ಜನರ ಮುಖ? ಏಳಕ್ಕೆ ಮಾರಿದವನು ಎಂಟಾದಾಗ ಕೊರಗಿದ. ಎಂಟಕ್ಕೆ ಮಾರಿದವನಿಗೆ ಹತ್ತಾದಾಗ ಊಟ ಸೇರಲಿಲ್ಲ. ಮಾರದೆ ಇಟ್ಟುಕೊಂಡವನು ಹಲ್ಲುಜ್ಜುವ ಮೊದಲೇ ಮೊಬೈಲಿನಲ್ಲಿ ರೇಟು ನೋಡುತ್ತಿದ್ದ. ಮೂರೂವರೆ ಸಾವಿರದ ಕಾಲದಲ್ಲಿ ಇವರೆಲ್ಲ ಏನು ಹೇಳುತ್ತಿದ್ದರು ಗೊತ್ತಾ? 'ಐದು ಸಿಕ್ಕಿದರೆ ಸಾಕಪ್ಪ, ಇಗ್ಗುತಪ್ಪನಿಗೆ ಕೈ ಮುಗಿದು ಬರ್ತೇನೆ' ಅಂತ. ಆ ಐದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡದ ಲೆಕ್ಕವನ್ನು ಮನಸ್ಸು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ.

ಬೆಂಗಳೂರಿನಲ್ಲಿರುವ ಮಗಳಿಗೆ ಇದನ್ನು ಹೇಳಿದೆ. ಅವಳು ಅಮೆರಿಕದಲ್ಲಿ 1978ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ತಿಳಿಸಿದಳು. ಫಿಲಿಪ್ ಬ್ರಿಕ್‌ಮನ್ ಮತ್ತು ಇನ್ನಿಬ್ಬರು ಸೇರಿ 22 ಮಂದಿ ಲಾಟರಿ ಗೆದ್ದವರನ್ನೂ ಗೆಲ್ಲದ 22 ಮಂದಿಯನ್ನೂ ಹೋಲಿಸಿ ನೋಡಿದರು. ಗೆದ್ದವರು ಅಂಥಾ ಜಾಸ್ತಿ ಸುಖಿಗಳೇನೂ ಆಗಿರಲಿಲ್ಲ. ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಸ್ನೇಹಿತರ ಜೊತೆ ಮಾತು, ಬೆಳಗಿನ ತಿಂಡಿ, ಒಂದು ತಮಾಷೆ, ಇಂಥ ಸಣ್ಣಪುಟ್ಟದರಲ್ಲಿ ಅವರಿಗೆ ಸಿಗುತ್ತಿದ್ದ ಖುಷಿ ಉಳಿದವರಿಗಿಂತ ಕಡಿಮೆ ಇತ್ತು. 22 ಜನ ಅಂದರೆ ನಮ್ಮ ತೋಟದ ಒಂದು ಗ್ಯಾಂಗಿಗಿಂತ ಕಡಿಮೆ, ಅದನ್ನು ಹಿಡಿದುಕೊಂಡು ದೊಡ್ಡ ಮಾತಾಡಬಾರದು. ಡೇನಿಯಲ್ ಕಾನೆಮನ್ ಎಂಬ ವಿದ್ವಾಂಸರು 2010ರಲ್ಲಿ, ವರ್ಷಕ್ಕೆ 75,000 ಡಾಲರ್ ಆದಾಯದ ಮೇಲೆ ದಿನನಿತ್ಯದ ಸಂತೋಷ ಏರುವುದಿಲ್ಲ ಎಂದಿದ್ದರು. 2023ರಲ್ಲಿ ಬೇರೆ ಸಂಶೋಧಕರ ಜೊತೆ ಕೂತು ಲೆಕ್ಕ ತಿದ್ದಿದರು. ಹೆಚ್ಚಿನವರಿಗೆ ಆಮೇಲೂ ಏರುತ್ತದೆ, ತೀರಾ ಅಸುಖಿಗಳಾಗಿರುವವರಿಗೆ ಮಾತ್ರ ಒಂದು ಮಟ್ಟದ ಮೇಲೆ ದುಡ್ಡು ಕೆಲಸ ಮಾಡುವುದಿಲ್ಲ ಎಂದರು. ಹಾಗಾಗಿ ದುಡ್ಡಿನಿಂದ ಸುಖ ಇಲ್ಲವೇ ಇಲ್ಲ ಅನ್ನುವವರನ್ನು ನಂಬಬೇಡಿ. ಅವರ ಹತ್ತಿರ ಸಾಮಾನ್ಯವಾಗಿ ದುಡ್ಡು ಇರುತ್ತದೆ.

ಗೆರೆ ಎಳೆಯುವುದು

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಸಮಯ ಮುಖ್ಯ. ಕಾಫಿ ಮಾರಿ ದುಡ್ಡು ಕೈಗೆ ಬಂದ ಮಾರ್ಚಿನಲ್ಲಿ ಕೂರಬೇಡಿ, ಆಗ ಎಲ್ಲವೂ ಅಗತ್ಯ ಅಂತಲೇ ಕಾಣುತ್ತದೆ. ನಾವು ಕೂರುವುದು ಕಕ್ಕಡದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ. ಹೊರಗೆ ಕಾಲಿಡಲಾಗದ ಮಳೆ, ಕರೆಂಟ್ ಇರುವುದಿಲ್ಲ, ಕೈಯಲ್ಲಿ ಕಾಸೂ ಇರುವುದಿಲ್ಲ. ತಲೆ ತಣ್ಣಗಿರುತ್ತದೆ. ಸಂಬಳದವರಾದರೆ ಬೋನಸ್ ಬರುವ ತಿಂಗಳು ಬಿಟ್ಟು, ಆನ್‌ಲೈನಿನಲ್ಲಿ ದೊಡ್ಡ ರಿಯಾಯಿತಿ ನಡೆಯುವ ವಾರ ಬಿಟ್ಟು ಬೇರೆ ಯಾವಾಗಲಾದರೂ ಕೂತುಕೊಳ್ಳಿ. ಒಬ್ಬರೇ ಬೇಡ, ಮನೆಯವರೆಲ್ಲ ಸೇರಿ.

ಮೂರು ಕಾಲಂ ಹಾಕಿ: ವಸ್ತು, ಇರುವುದು, ಸಾಕು. ಸುಲಭದ್ದರಿಂದ ಶುರು ಮಾಡಿ. ನಮ್ಮ ಮೊದಲ ಸಾಲು ಕೊಡೆ. ಇರುವುದು ಏಳು. ಅದರಲ್ಲಿ ಬಿಚ್ಚುವುದು ನಾಲ್ಕು. ಕಡ್ಡಿ ಮುರಿದ ಮೂರು, ಸಂತೆಗೆ ಹೋದಾಗ ರಿಪೇರಿಗೆ ಕೊಡಬೇಕು ಅಂತ ಬಾಗಿಲ ಹಿಂದೆ ನೇತಾಡುತ್ತಾ ಇದ್ದವು. ಸಾಕು ಅನ್ನುವ ಕಾಲಂನಲ್ಲಿ ನಾಲ್ಕು ಎಂದು ಬರೆದೆವು. ನಮ್ಮಿಬ್ಬರಿಗೆ ಎರಡು, ಮನೆಗೆ ಬಂದವರಿಗೆ ಒಂದು, ನಾನು ಬಸ್ಸಿನಲ್ಲಿ ಮರೆತು ಬರುವುದಕ್ಕೆ ಒಂದು. ಆಮೇಲೆ ಕತ್ತಿ, ಗುದ್ದಲಿ, ಗಮ್‌ಬೂಟು, ಬೆಡ್‌ಶೀಟು, ಸ್ಟೀಲ್ ಡಬ್ಬ, ಅಂಗಿ, ಮೊಬೈಲು. ಇದು ನಿಮಗೆ ಖುಷಿ ಕೊಡುತ್ತದೋ ಇಲ್ಲವೋ ಎಂದು ಒಂದೊಂದನ್ನೂ ಕೈಯಲ್ಲಿ ಹಿಡಿದು ಕೇಳಿಕೊಳ್ಳಬೇಕಾಗಿಲ್ಲ. ಗಮ್‌ಬೂಟು ಯಾರಿಗೂ ಖುಷಿ ಕೊಡುವುದಿಲ್ಲ, ಜಿಗಣೆ ತಡೆಯುತ್ತದೆ ಅಷ್ಟೇ. ಎಷ್ಟು ಬೇಕು ಅಂತ ಮಾತ್ರ ಕೇಳಿ.

ಜಗಳ ಬರುತ್ತದೆ, ಬರಲಿ. ತಾಮ್ರದ ಹಂಡೆಯ ಸಾಲಿಗೆ ಬಂದಾಗ ನಮ್ಮ ಮನೆಯವಳು 'ಇದು ಲೆಕ್ಕಕ್ಕಲ್ಲ, ಅಮ್ಮ ಕೊಟ್ಟದ್ದು' ಎಂದಳು. ಅಂಥವಕ್ಕೆ ಬೇರೆ ಪುಟ ಮಾಡಿದೆವು. ಆ ಪುಟದ ವಸ್ತುಗಳಿಗೆ ಸಂಖ್ಯೆ ಇಲ್ಲ, ಆದರೆ ವರ್ಷಕ್ಕೊಮ್ಮೆಯಾದರೂ ಬಳಸಬೇಕು. ಹಂಡೆ ಈಗ ಬಚ್ಚಲಲ್ಲಿ ಕೂತು ದಿನಾ ನೀರು ಕಾಯಿಸುತ್ತದೆ. ಗುಲಾಬಿ ಗಿಡಕ್ಕೆ ಗೆರೆ ಇಲ್ಲ ಎಂದು ಅವಳೇ ಬರೆದಳು. ನಾನು ಪಕ್ಕದಲ್ಲಿ ಸಹಿ ಹಾಕಿದೆ.

ಆದಾಯಕ್ಕೂ ಗೆರೆ ಬೇಕು, ಬಹಳ ಮಂದಿ ಇದನ್ನು ಬಿಡುತ್ತಾರೆ. ಬೆಳೆಗಾರರಾದರೆ ಹೀಗೆ ಮಾಡಿ. ವರ್ಷದ ಮನೆಖರ್ಚು, ಗೊಬ್ಬರ, ಕೂಲಿ, ಕಂತು ಎಲ್ಲ ಕೂಡಿಸಿ. ಯಾವ ಬೆಲೆಗೆ ಎಷ್ಟು ಮೂಟೆ ಮಾರಿದರೆ ಅದು ಹುಟ್ಟುತ್ತದೆ ಎಂದು ಕೊಯ್ಲಿಗೆ ಮೊದಲೇ ಬರೆದಿಡಿ. ಆ ಬೆಲೆ ಬಂದ ದಿನ ಅಷ್ಟು ಮೂಟೆ ಮಾರಿಬಿಡಿ. ಉಳಿದದ್ದನ್ನು ಇಟ್ಟುಕೊಂಡು ಬೇಕಾದರೆ ಜೂಜಾಡಿ. ಆದರೆ ಮಾರಿದ ಮೂಟೆಗಳ ಮೇಲೆ ಆಮೇಲೆ ರೇಟು ಹಾಕಿ ನೋಡಬಾರದು. ನನ್ನ ಲೆಕ್ಕದಲ್ಲಿ ಇದೊಂದೇ ನಿಯಮ ಈ ಊರಿನ ಅರ್ಧ ನಿದ್ದೆಯನ್ನು ವಾಪಸು ತರುತ್ತದೆ.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಅಂತಾರೆ. ಸರಿ. ಆದರೆ ಈಗ ಎಲ್ಲರೂ ಕಾಲು ಚಾಚುವುದಕ್ಕೆ ಮೊದಲು ಹಾಸಿಗೆಯನ್ನೇ ದೊಡ್ಡದು ಮಾಡುತ್ತಾರೆ, ಅದೂ ಕಂತಿನಲ್ಲಿ. ಹಾಗಾಗಿ ಗಾದೆ ಸಾಲುವುದಿಲ್ಲ, ಹಾಸಿಗೆಯ ಅಳತೆಯನ್ನೂ ಬರೆದಿಡಬೇಕು.

ಹೊಸ ಆಸೆ ಬಂದರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾರೀಕು ಹಾಕಿ ಬರೆಯಿರಿ. ತಡೆಯಬೇಡಿ, ಬೈದುಕೊಳ್ಳಬೇಡಿ, ಬರೆಯಿರಿ. ನಾವು ಅದನ್ನು ಹೊಸ ಭತ್ತದ ಕದಿರು ತರುವ ಹುತ್ತರಿ ಹಬ್ಬ ಆದಮೇಲೆ ತೆಗೆದು ಓದುತ್ತೇವೆ, ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ. ಅರ್ಧಕ್ಕರ್ಧ ಆಸೆಗಳು ಯಾಕೆ ಬಂದಿದ್ದವು ಅನ್ನುವುದೇ ನೆನಪಿರುವುದಿಲ್ಲ. ಕೆಲವು ಉಳಿದಿರುತ್ತವೆ. ಅವನ್ನು ತೆಗೆದುಕೊಳ್ಳಿ, ಕೈ ಬಿಗಿ ಹಿಡಿಯಬೇಡಿ. ಹೀಗೆ ಉಳಿದು ಬಂದದ್ದು ನಮ್ಮ ವಾಷಿಂಗ್ ಮೆಷಿನ್. ಕೊಡಗಿನ ಮಳೆಯಲ್ಲಿ ಬಟ್ಟೆ ಒಲೆಯ ಮೇಲೆ ಒಣಗಿಸಿ ಹೊಗೆ ವಾಸನೆಯ ಅಂಗಿ ಹಾಕಿಕೊಂಡವರಿಗೆ ಮಾತ್ರ ಅದರ ಬೆಲೆ ಗೊತ್ತು. ಇನ್ನೊಬ್ಬರ ಸರಳ ಜೀವನಕ್ಕೋಸ್ಕರ ಮನೆಯ ಹೆಂಗಸರು ಬಟ್ಟೆ ಒಗೆಯುತ್ತಾ ಕೂರುವುದು ನನಗೆ ತೃಪ್ತಿಯಾಗಿ ಕಂಡಿಲ್ಲ.

ಕೊಳ್ಳಲಾಗದ ಒಂದನ್ನು ಅಳೆಯಿರಿ

ಗೆರೆ ಎಳೆದು ಸುಮ್ಮನೆ ಕೂತರೆ ಮನಸ್ಸು ಖಾಲಿ ಖಾಲಿ ಅನ್ನಿಸುತ್ತದೆ. ಎಣಿಸುವ ಚಟ ಹೋಗುವುದಿಲ್ಲ, ನನ್ನಂಥವನಿಗಂತೂ ಇಲ್ಲವೇ ಇಲ್ಲ. ಅದಕ್ಕೆ ಬೇರೆ ಏನಾದರೂ ಎಣಿಸಲು ಕೊಡಬೇಕು. ನಾನು ಮಳೆ ಅಳೆಯುತ್ತೇನೆ.

ಮಳೆಮಾಪಕ ದೊಡ್ಡ ಯಂತ್ರವೇನಲ್ಲ. ಒಂದು ಡಬ್ಬ, ಅದರ ಬಾಯಿಗೆ ಲಾಳಿಕೆ, ಒಳಗೆ ಒಂದು ಬಾಟಲಿ, ಜೊತೆಗೆ ಗೆರೆ ಹಾಕಿದ ಅಳತೆಯ ಗ್ಲಾಸು. ಮರದ ಕೆಳಗೆ ಇಡಬಾರದು, ಮಾಡಿನ ನೀರು ಹಾರುವಲ್ಲಿ ಇಡಬಾರದು. ಬೆಳಿಗ್ಗೆ ಎಂಟು ಗಂಟೆಗೆ ಬಾಟಲಿಯ ನೀರನ್ನು ಗ್ಲಾಸಿಗೆ ಸುರಿಯುತ್ತೇನೆ. ನೀರು ಗ್ಲಾಸಿನ ಅಂಚಿನಲ್ಲಿ ಸ್ವಲ್ಪ ಮೇಲೆ ಹತ್ತಿರುತ್ತದೆ, ನಡುವೆ ತಗ್ಗಿರುತ್ತದೆ. ಓದಬೇಕಾದದ್ದು ತಗ್ಗಿನ ಗೆರೆ. ನಿಂತು ಮೇಲಿನಿಂದ ನೋಡಿದರೆ ಜಾಸ್ತಿ ಕಾಣುತ್ತದೆ, ಕಣ್ಣು ಅದರ ಮಟ್ಟಕ್ಕೇ ಬರಬೇಕು. ಹಾಗಾಗಿ ದಿನಾ ಅಂಗಳದಲ್ಲಿ ಮೊಣಕಾಲೂರಿ ಕೂರುತ್ತೇನೆ. ಸರ್ಕಾರದವರು ಮಿಲಿಮೀಟರಿನಲ್ಲಿ ಹೇಳುತ್ತಾರೆ, ತೋಟದವರು ಈಗಲೂ ಇಂಚು, ಸೆಂಟಿನಲ್ಲೇ ಮಾತಾಡುವುದು. ನೂರು ಸೆಂಟಿಗೆ ಒಂದು ಇಂಚು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಯಾರು ಸಿಕ್ಕಿದರೂ ಮೊದಲ ಪ್ರಶ್ನೆ 'ನಿಮ್ಮಲ್ಲಿ ಎಷ್ಟು?'

ಈ ಪ್ರಶ್ನೆಯಲ್ಲಿ ಒಂದು ಮಜಾ ಇದೆ. ಉತ್ತರ ಜಾಸ್ತಿ ಇದ್ದರೂ ಅದರಲ್ಲಿ ಹೇಳಿದವನ ಹೆಚ್ಚುಗಾರಿಕೆ ಏನೂ ಇಲ್ಲ. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚು ದಾಟುವುದುಂಟು, ಕುಶಾಲನಗರದಲ್ಲಿ ಅದರ ಕಾಲು ಭಾಗದ ಆಸುಪಾಸು. ಅದಕ್ಕೆ ಭಾಗಮಂಡಲದವರು ಜಂಬ ಪಡುವುದಿಲ್ಲ, ಕುಶಾಲನಗರದವರು ಕೊರಗುವುದಿಲ್ಲ. ಎಣಿಸಿದರೂ ಹೊಟ್ಟೆಕಿಚ್ಚು ಬಾರದ ಸಂಖ್ಯೆಗಳು ಜೀವನದಲ್ಲಿ ಎಷ್ಟಿವೆ ಹೇಳಿ?

ಫೆಬ್ರವರಿ, ಮಾರ್ಚಿನ ಹೂಮಳೆಗೆ ಮಾತ್ರ ಎಲ್ಲರ ಎದೆ ಹೊಡೆದುಕೊಳ್ಳುತ್ತದೆ. ಒಂದು ಇಂಚು ಸರಿಯಾಗಿ ಬಿದ್ದರೆ ವಾರ ಹತ್ತು ದಿನದಲ್ಲಿ ಗಿಡ ಪೂರ್ತಿ ಬೆಳ್ಳಗಾಗುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಕೆರೆ ಇರುವವರು ಕಾಯುವುದಿಲ್ಲ, ಸ್ಪ್ರಿಂಕ್ಲರ್ ಹಾಕುತ್ತಾರೆ. ಹಾಗೆ ದುಡ್ಡು ಸುರಿದು ಅರಳಿಸಿದ ಪಕ್ಕದ ಎಸ್ಟೇಟಿನ ಹೂವಿನ ವಾಸನೆ ರಾತ್ರಿ ನಮ್ಮ ಮಲಗುವ ಕೋಣೆಗೆ ಬರುತ್ತದೆ, ಮಲ್ಲಿಗೆಯ ಹಾಗೆ. ಅವರ ಡೀಸೆಲ್ ಬಿಲ್ಲು ಅವರಿಗೆ.

ನೀವು ಮಳೆಯನ್ನೇ ಅಳೆಯಬೇಕಾಗಿಲ್ಲ. ಆರಿಸುವಾಗ ಮೂರು ವಿಷಯ ನೋಡಿ. ದುಡ್ಡು ಕೊಟ್ಟು ಹೆಚ್ಚಿಸಲು ಆಗಬಾರದು. ದಿನದಿಂದ ದಿನಕ್ಕೆ ಬದಲಾಗಬೇಕು. ನೋಡಲು ಮನೆಯಿಂದ ಹೊರಗೆ ನಾಲ್ಕು ಹೆಜ್ಜೆ ಹಾಕಬೇಕು. ಬಾವಿಯ ನೀರಿನ ಮಟ್ಟ, ಹೊಳೆಯ ಎಷ್ಟನೇ ಮೆಟ್ಟಿಲು ಮುಳುಗಿದೆ ಅನ್ನುವುದು, ಬೆಳಿಗ್ಗೆ ಮೊದಲು ಕೂಗುವ ಹಕ್ಕಿ, ರಸ್ತೆ ಬದಿಯ ಹಲಸಿನ ಮರದಲ್ಲಿ ಎಷ್ಟು ಕಾಯಿ, ಯಾವುದಾದರೂ ಆಗುತ್ತದೆ. ಕುಶಾಲನಗರದ ಕಡೆಯ ನನ್ನ ಸಂಬಂಧಿಕರೊಬ್ಬರು ಮಳೆಗಾಲದಲ್ಲಿ ಹಾರಂಗಿ ಅಣೆಕಟ್ಟೆಯ ಮಟ್ಟವನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಅದು ತುಂಬುವುದು ಸಮುದ್ರ ಮಟ್ಟದಿಂದ 2859 ಅಡಿಗೆ. ತುಂಬಿದ ದಿನ ಅವರ ಮನೆಯಲ್ಲಿ ಪಾಯಸ. ಅವರಿಗೆ ನಾಲೆಯ ಕೆಳಗೆ ಒಂದು ಸೆಂಟ್ ಗದ್ದೆಯೂ ಇಲ್ಲ.

ರಾತ್ರಿ ಮಲಗುವ ಮೊದಲು 'ಇವತ್ತು ನಾನು ಯಾವುದಕ್ಕೆ ಋಣಿ' ಎಂದು ಐದು ಸಾಲು ಬರೆಯಿರಿ ಅನ್ನುವ ಅಭ್ಯಾಸ ಈಗ ಜೋರಾಗಿದೆ. ಮಾಡುವವರು ಮಾಡಲಿ. ನಾನು ಬರೆದರೆ ಮೇಲಿನವರಿಗೆ ಅರ್ಜಿ ಗುಜರಾಯಿಸಿದ ಹಾಗಿರುತ್ತದೆ. ಒಂದು ಇಂಚು 40 ಸೆಂಟ್ ಎಂದು ಬರೆಯುವುದರಲ್ಲಿ ಆ ತೊಂದರೆ ಇಲ್ಲ.

ತಿಂಗಳಿಗೆ ತಕ್ಕ ರುಚಿ

ಇದು ಸಣ್ಣ ಉಪಾಯ, ಆದರೆ ಬೇಗ ಫಲ ಕೊಡುತ್ತದೆ. ಕೆಲವು ರುಚಿಗಳನ್ನು ಅವುಗಳ ತಿಂಗಳಿಗೇ ಬಿಡಿ. ವರ್ಷವಿಡೀ ಸಿಕ್ಕಿದರೂ ತಿನ್ನಬೇಡಿ.

ನಮ್ಮಲ್ಲಿ ದುಡ್ಡು ಕಡಿಮೆ ಇರುವ ತಿಂಗಳಲ್ಲೇ ಊಟ ಚೆನ್ನಾಗಿರುವುದು. ಕಕ್ಕಡ ಬಂತು ಅಂದರೆ ಬೇಲಿ ಬದಿಯ ಬಿದಿರು ಮೆಳೆಯಿಂದ ಕಣಿಲೆ, ಅಂದರೆ ಎಳೆ ಬಿದಿರು. ಹೆಚ್ಚಿ ನೀರಲ್ಲಿ ಹಾಕಿ, ನೀರು ಬದಲಿಸುತ್ತಾ ಎರಡು ಮೂರು ದಿನ ಇಡಬೇಕು, ಹಸಿಯಾಗಿ ತಿಂದರೆ ವಿಷ. ಕೆಸುವಿನ ಎಲೆಯ ಪತ್ರೊಡೆ, ಗದ್ದೆಯ ಏಡಿ, ಗೊತ್ತಿದ್ದವರು ಆರಿಸಿ ತಂದ ಅಣಬೆ. ಕಕ್ಕಡದ 18ನೇ ದಿನ, ಅಂದರೆ ಆಗಸ್ಟ್ 3ಕ್ಕೆ, ಮದ್ದುಸೊಪ್ಪಿನ ಪಾಯಸ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಮನೆಯೆಲ್ಲ ಅದರದೇ ಘಮ. ಹದಿನೆಂಟು ಬಗೆಯ ಔಷಧಿ ಆ ದಿನ ಸೊಪ್ಪಿನಲ್ಲಿ ಸೇರುತ್ತದೆ ಎಂಬ ನಂಬಿಕೆ. ತಿಂದಮೇಲೆ ಮೂತ್ರ ಕೆಂಪಗಾಗುತ್ತದೆ. ಇದನ್ನು ಹೊಸ ಅಳಿಯನಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಅವರು ಮಡಿಕೇರಿ ಆಸ್ಪತ್ರೆಗೆ ಹೊರಡುತ್ತಾರೆ.

ನೀವು ಪೇಟೆಯಲ್ಲಿದ್ದರೂ ಇದು ಆಗುತ್ತದೆ. ಅವರೆಕಾಯಿ ಅವರೆಕಾಯಿಯ ಕಾಲಕ್ಕೆ, ಮಾವಿನಹಣ್ಣು ಬೇಸಿಗೆಗೆ, ಕಿತ್ತಳೆ ಚಳಿಗೆ. ಫ್ರಿಜ್ಜಿನಲ್ಲಿ ವರ್ಷವಿಡೀ ಇರುವುದನ್ನು ಯಾರೂ ಕಾಯುವುದಿಲ್ಲ.

ಕೈ ಹಾಕದ ಒಂದು ಮೂಲೆ

ಕೊಡಗಿನಲ್ಲಿ 1200ಕ್ಕೂ ಜಾಸ್ತಿ ದೇವರಕಾಡುಗಳಿವೆ. ಕೊಡಲಿ ಹಾಕುವಂತಿಲ್ಲ, ಸೌದೆ ತರುವಂತಿಲ್ಲ. ಕೆಲವು ಒತ್ತುವರಿಯಾಗಿ ಹೆಸರಿಗಷ್ಟೇ ಉಳಿದಿವೆ, ಆ ಮಾತು ಬೇರೆ. ಊರಿನ ನಡುವೆ, ಅಷ್ಟು ಬೆಲೆಯ ಮರ ಇಟ್ಟುಕೊಂಡು, ಅದರಿಂದ ಲಾಭ ತೆಗೆಯುವುದಿಲ್ಲ ಎಂದು ಹಿಂದಿನವರು ತೀರ್ಮಾನ ಮಾಡಿದ್ದರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಅದರ ಒಂದು ಚೂರನ್ನು ಮನೆಗೂ ತರಬಹುದು. ನಮ್ಮ ಗಡಿಯಲ್ಲಿ ಒಂದು ಅತ್ತಿ ಮರ ಇದೆ. ಅದರ ನೆರಳಿಗೆ ಕೆಳಗಿನ ಕಾಫಿ ಸರಿಯಾಗಿ ಬರುವುದಿಲ್ಲ, ಕಡಿದರೆ ಇಪ್ಪತ್ತು ಗಿಡ ಜಾಸ್ತಿ ಹಾಕಬಹುದು. ಕಡಿಯುವುದಿಲ್ಲ ಎಂದು ಪುಸ್ತಕದಲ್ಲಿ ಬರೆದಿದ್ದೇವೆ. ಹಣ್ಣಿನ ಕಾಲದಲ್ಲಿ ಮಂಗಟ್ಟೆ ಹಕ್ಕಿಗಳು ಬರುತ್ತವೆ. ಅವುಗಳ ರೆಕ್ಕೆ ಸದ್ದು ಒಳಗೆ ಅಡುಗೆಮನೆಗೆ ಕೇಳಿಸುತ್ತದೆ. ಜಮೀನು ಇಲ್ಲದವರು ಹೊತ್ತನ್ನು ಹೀಗೆ ಬಿಡಬಹುದು. ಭಾನುವಾರ ಮಧ್ಯಾಹ್ನ ಎರಡು ಗಂಟೆ, ಅದರಲ್ಲಿ ಸಂಪಾದನೆ ಇಲ್ಲ, ಕಲಿಕೆ ಇಲ್ಲ, ಫೋಟೋ ಇಲ್ಲ. ಮೊದಮೊದಲು ಕೈ ತುರಿಸುತ್ತದೆ. ನಿದ್ದೆ ಬಂದರೆ ಮಲಗಿ.

ವಾರದ ಕೊನೆಗೆ ಇಲ್ಲಿ ಶಾಂತಿ ಹುಡುಕಿಕೊಂಡು ಬರುವವರು ಅಬ್ಬಿ ಜಲಪಾತದ ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಾ ನಿಂತಿರುತ್ತಾರೆ. ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿದವರು ನೀರು ಕೇಳುತ್ತಾರೆ, ಜಾಗ ಚೆನ್ನಾಗಿದೆ ಅಂತಾರೆ. ಮೂರನೇ ಮಾತೇ 'ಇಲ್ಲಿ ಎಕರೆಗೆ ಎಷ್ಟು?' ಚೆನ್ನಾಗಿ ಕಂಡದ್ದನ್ನು ಕೊಳ್ಳದೆಯೇ ನೋಡಿ ಹೋಗುವುದೂ ಒಂದು ಅಭ್ಯಾಸ. ಹೋಮ್‌ಸ್ಟೇಗೆ ಬಂದಾಗಲೇ ಶುರು ಮಾಡಬಹುದು.

ಊರಲ್ಲಿದೆ

ನೋಟ್‌ಬುಕ್ಕಿನ 'ಸಾಕು' ಕಾಲಂನಲ್ಲಿ ಕೆಲವು ಕಡೆ ನಾವು ಸೊನ್ನೆ ಹಾಕಿ ಪಕ್ಕದಲ್ಲಿ 'ಊರಲ್ಲಿದೆ' ಎಂದು ಬರೆದಿದ್ದೇವೆ. ಕರಿಮೆಣಸು ಕೊಯ್ಯುವ ಉದ್ದ ಏಣಿ, ಕಳೆ ಹೊಡೆಯುವ ಮೆಷಿನ್, ಔಷಧಿ ಹೊಡೆಯುವ ಪಂಪು, ನೂರು ಜನಕ್ಕೆ ಅನ್ನ ಮಾಡುವ ಪಾತ್ರೆ. ವರ್ಷಕ್ಕೆ ಕೆಲವೇ ದಿನ ಬೇಕಾಗುವ ಇಂಥವನ್ನು ಮನೆಗೊಂದರಂತೆ ಕೊಂಡು ತುಕ್ಕು ಹಿಡಿಸುತ್ತಿದ್ದೇವೆ. ನಾಲ್ಕು ಮನೆಯವರು ಕೂತು ಯಾರ ಹತ್ತಿರ ಏನಿದೆ ಅಂತ ಬರೆದುಕೊಂಡರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಹಂಚಿಕೊಂಡು ಬಾಳುವುದು ಕೇಳಲು ಚೆಂದ, ಮಾಡುವಾಗ ಮೈ ಉರಿಯುತ್ತದೆ. ಹಾಗಾಗಿ ನಿಯಮ ಬೇಕು. ಮೆಷಿನ್ ತೆಗೆದುಕೊಂಡು ಹೋದವರು ಟ್ಯಾಂಕ್ ತುಂಬಿಸಿ ತರಬೇಕು. ಪಾತ್ರೆ ತೊಳೆದು ತರಬೇಕು, ತಳ ಹಿಡಿದದ್ದನ್ನೂ ಉಜ್ಜಿ. ಮುರಿದರೆ ಮುರಿದವರ ಖರ್ಚು. ಯಾರು, ಯಾವಾಗ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಬರೆದರೆ ನಾಚಿಕೆ ಅಲ್ಲ, ಬರೆಯದಿದ್ದರೆ ಮೂರನೇ ತಿಂಗಳಿಗೆ ಮಾತು ಬಿಡುವುದು ಗ್ಯಾರಂಟಿ. ತೋಟದ ಸ್ಟೋರ್ ನೋಡಿಕೊಂಡವನ ಮಾತು ಇದು.

ಏಣಿ ಕೇಳಲು ಹೋದವನು ಹಾಗೇ ಬರುವುದಿಲ್ಲ. ಕಾಫಿ ಕುಡಿಯಬೇಕಾಗುತ್ತದೆ, ಅವರ ಹಸುವಿಗೆ ಏನಾಗಿದೆ ನೋಡಬೇಕಾಗುತ್ತದೆ. ಹಿಂದೆ ನಾಟಿ ಕಾಲದಲ್ಲಿ ಮುಯ್ಯಾಳು ಇತ್ತು. ನಿಮ್ಮ ಗದ್ದೆಗೆ ನಾವು, ನಮ್ಮ ಗದ್ದೆಗೆ ನೀವು. ಈಗ ಎಷ್ಟೋ ಗದ್ದೆ ಪಾಳು ಬಿದ್ದಿವೆ, ಆ ಓಡಾಟವೂ ನಿಂತಿದೆ. ಹುತ್ತರಿಗೆ ಕದಿರು ತೆಗೆಯಲು ಬೇರೆಯವರ ಗದ್ದೆಗೆ ಹೋಗುವವರೇ ಜಾಸ್ತಿ. ಆದರೂ ಅವತ್ತು ರಾತ್ರಿ 'ಪೊಲಿ ಪೊಲಿ ದೇವಾ' ಎಂದು ಕೂಗಿಕೊಂಡು ಬಂದು, ಬಾಗಿಲಿಗೆ ಕದಿರು ಕಟ್ಟಿ, ಬಾಳೆಹಣ್ಣಿನ ತಂಬಿಟ್ಟು ತಿನ್ನುವಾಗ ಯಾರಿಗೆ ಎಷ್ಟು ಎಕರೆ ಎಂದು ಯಾರೂ ಕೇಳುವುದಿಲ್ಲ. ಇಂಥ ದಿನಗಳಿಗೆ ಮನೆಯ ಬಾಗಿಲು ತೆರೆದಿಡಿ, ಒಂದು ಸೇರು ಅಕ್ಕಿ ಜಾಸ್ತಿ ಹಾಕಿ. ಸರಳ ಜೀವನ ಅಂತ ಇದರಲ್ಲಿ ಉಳಿಸಲು ಹೋಗಬೇಡಿ.

ಮಳೆಗಾಲದ ಚೀಲ

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆಗಳಲ್ಲಿ ಗುಡ್ಡ ಜರಿಯಿತು. ಮನೆ ಕಳೆದುಕೊಂಡವರಿಗೆ ಕಟ್ಟಿದ ಬಡಾವಣೆ ನಮ್ಮ ಮಾದಾಪುರದ ಹತ್ತಿರ ಜಂಬೂರಿನಲ್ಲೂ ಇದೆ. ಅವರ ಮುಂದೆ ನಿಂತು 'ವಸ್ತುಗಳೆಲ್ಲ ನಶ್ವರ' ಅಂದವರಿಗೆ ಸರಿಯಾಗಿ ಬಯ್ಯಬೇಕು. ಮನೆ ವಸ್ತು ಮಾತ್ರ ಅಲ್ಲ.

ಅಲ್ಲಿಂದ ಈಚೆಗೆ ಇಳಿಜಾರಿನ ಮನೆಗಳಲ್ಲಿ ಜೂನ್ ಬಂತೆಂದರೆ ಒಂದು ಚೀಲ ಸಿದ್ಧ ಇಡುತ್ತಾರೆ. ಪಹಣಿ, ಆಧಾರ್, ರೇಷನ್ ಕಾರ್ಡು, ಔಷಧಿ, ಟಾರ್ಚು, ಇದ್ದ ಚೂರು ಚಿನ್ನ. ಅಷ್ಟು ಹಾಕಿದಮೇಲೂ ಅರ್ಧ ಚೀಲ ಖಾಲಿ ಇರುತ್ತದೆ. ನೀವು ಎಲ್ಲೇ ಇರಿ, ಒಮ್ಮೆ ಆ ಅರ್ಧ ಚೀಲ ತುಂಬಿಸಿ ನೋಡಿ. ನಮ್ಮದರಲ್ಲಿ ಮದುವೆಯ ಫೋಟೋ, ಮಗಳ ಮೊದಲ ಮಾರ್ಕ್ಸ್‌ಕಾರ್ಡು, ಮಳೆ ಲೆಕ್ಕದ ಹಳೆ ಪುಸ್ತಕಗಳು, ಮತ್ತೆ ನಮ್ಮ ಮನೆಯವಳ ಹಟಕ್ಕೆ ಗುಲಾಬಿಯ ಒಂದು ಕಡ್ಡಿ. ಈ ಅರ್ಧ ಚೀಲದ್ದನ್ನು ವರ್ಷವಿಡೀ ಚೆನ್ನಾಗಿ ನೋಡಿಕೊಳ್ಳಿ. ಫೋಟೋಗೆ ಬೂಷ್ಟು ಹಿಡಿದಿದೆಯಾ ನೋಡಿ, ಇನ್ನೊಂದು ಪ್ರತಿ ಮಾಡಿಸಿ ಬೇರೆ ಊರಿನಲ್ಲಿಡಿ. ಮನೆಯಲ್ಲಿ ಅತಿ ಹೆಚ್ಚು ಧೂಳು ಹಿಡಿದು ಕೂತಿರುವುದು ಅವೇ ಆಗಿರುತ್ತವೆ.

ಮದುವೆ ಮನೆ

ಎಲ್ಲ ಮಾಡಿದರೂ ಗೆರೆ ಅಳಿಸುವುದು ಮದುವೆ ಮನೆಯಲ್ಲಿ. ಬೇರೆಯವರ ಸೀರೆ, ಬೇರೆಯವರ ಕಾರು, 'ನಿಮ್ಮ ಮಗಳಿಗೆ ಸಂಬಳ ಎಷ್ಟು?' ಇದಕ್ಕೆ ನನ್ನ ಹತ್ತಿರ ಪೂರ್ತಿ ಮದ್ದಿಲ್ಲ. ಹೋಗುವ ಮೊದಲೇ ಉಡುಗೊರೆಯ ಮೊತ್ತ ಬರೆದು ಲಕೋಟೆ ಅಂಟಿಸಿಬಿಡಿ, ಅಲ್ಲಿ ನೋಡಿ ನಿರ್ಧರಿಸಬೇಡಿ. ಮದುವೆಯಿಂದ ಬಂದ ವಾರ ಏನನ್ನೂ ಕೊಳ್ಳಬೇಡಿ. ಬಡಿಸಲು ನಿಂತುಬಿಡಿ, ಅದು ಎಲ್ಲಕ್ಕಿಂತ ಒಳ್ಳೆಯದು. ಸಾರಿನ ಬಕೆಟ್ ಹಿಡಿದವನಿಗೆ ಯಾರ ಕುತ್ತಿಗೆಯಲ್ಲಿ ಏನಿದೆ ನೋಡಲು ಪುರುಸೊತ್ತಿರುವುದಿಲ್ಲ. ಮೊಬೈಲಿನಲ್ಲಿ ದಿನಾ ಮದುವೆ ಮನೆಯೇ ಅಲ್ವಾ? ಅಲ್ಲಿ ಬಡಿಸುವ ಕೆಲಸವೂ ಇಲ್ಲ. ಹಾಗಾಗಿ ರಾತ್ರಿ ಊಟದ ಹೊತ್ತಿನಿಂದ ಬೆಳಿಗ್ಗೆ ಎಂಟರ ತನಕ ನಮ್ಮಲ್ಲಿ ಮೊಬೈಲು ಫ್ರಿಜ್ಜಿನ ಮೇಲೆ.

ನೋಟ್‌ಬುಕ್ ಯಾವುದಾದರೂ ಆಗುತ್ತದೆ, ದುಬಾರಿಯದು ಬೇಡ. ಪೆನ್ಸಿಲಿನಲ್ಲಿ ಬರೆಯಿರಿ. ಕಕ್ಕಡದ ತೇವಕ್ಕೆ ಇಂಕು ಹರಡಿ ನಾಲ್ಕು ಯಾವುದು, ಒಂಬತ್ತು ಯಾವುದು ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ ಕವರಿಗೆ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹುಳ ಹಿಡಿಯುವುದಿಲ್ಲ.